ಕಿವಿಗೆ ಎಟುಕದ ಕೈ

ಮಾಸ್ತರರ ಶ್ರದ್ಧಾಂಜಲಿ ಸಭೆಯಲ್ಲಿ ನನಗೆ ಮಾತಾಡಲು ಐದು ನಿಮಿಷ ಕೊಟ್ಟಿದ್ದರು. ನಾನು ಮೂರೇ ನಿಮಿಷಕ್ಕೆ ಮುಗಿಸಿ ಕೂತೆ. ಶಿಸ್ತು, ಸಮಯಪಾಲನೆ, ಮಡಿ ಮಾಡಿದ ಬಿಳಿ ಅಂಗಿ, ಮಕ್ಕಳ ಮೇಲಿನ ಪ್ರೀತಿ, ಇಷ್ಟನ್ನು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದೆ. ಯಾವ ಊರಿನ ಯಾವ ಮಾಸ್ತರರು ತೀರಿಕೊಂಡರೂ ಹೇಳಬಹುದಾದ ಮಾತುಗಳು. ಅವರು ತಮ್ಮ ಜೀವಮಾನದಲ್ಲಿ ಮಾಡಿದ ದೊಡ್ಡ ಕೆಲಸವನ್ನು ನಾನು ಅಲ್ಲಿ ಎತ್ತಲೇ ಇಲ್ಲ. ಎತ್ತುವಂತೆಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಶಿಕ್ಷಣ ಖಾತೆಯವರು ಕೂತಿದ್ದರು, ಮತ್ತು ಆ ಕೆಲಸ ಕಾನೂನಿನ ಪ್ರಕಾರ ಅಪರಾಧ.

ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಅವರನ್ನಂತೂ ಇನ್ನು ಯಾರೂ ಏನೂ ಮಾಡಲಾರರು. ನನ್ನನ್ನು ಹೆಚ್ಚೆಂದರೆ ನೌಕರಿ ಬಿಡಿಸಿ ಮನೆಗೆ ಕಳಿಸಬಹುದು. ನಾನು ಮೂರು ತಿಂಗಳಿಂದ ಕನಸು ಕಾಣುತ್ತಿದ್ದದ್ದೂ ಅದನ್ನೇ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ. ಶಾಲೆ ಅಕ್ಕಲಕೋಟ ರಸ್ತೆಯಲ್ಲಿ, ಕುಂಭಾರಿ ದಾಟಿ ಇನ್ನೂ ಮುಂದೆ, ಬಸ್ಸಿಳಿದು ಇಪ್ಪತ್ತು ನಿಮಿಷ ನಡೆಯುವಷ್ಟು ಒಳಗೆ. ಮರಾಠಿ ಸೀಮೆಯ ಕನ್ನಡ ಶಾಲೆ. ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಇಬ್ಬರಲ್ಲಿ ಒಬ್ಬರು ವರ್ಷದ ಅರ್ಧ ಭಾಗ ಮತದಾರರ ಯಾದಿ, ಸಮೀಕ್ಷೆ, ತರಬೇತಿ ಅಂತ ತಿರುಗುತ್ತಿರುತ್ತಾರೆ. ಉಳಿದವಳು ನಾನು. ಬೆಳಿಗ್ಗೆ ಹಾಜರಿ ಮೊಬೈಲಿನಲ್ಲಿ ಹಾಕಬೇಕು. ಮಧ್ಯಾಹ್ನ ಖಿಚಡಿಯ ಫೋಟೋ ತೆಗೆದು ಕಳಿಸಬೇಕು. ನೆಟ್‌ವರ್ಕು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಮಾತ್ರ ಸಿಗುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ನಾನು ಫೋನನ್ನು ಮೇಲಕ್ಕೆ ಹಿಡಿದು ಆ ಮರಕ್ಕೆ ಪ್ರದಕ್ಷಿಣೆ ಹಾಕುತ್ತೇನೆ. ನೋಡಿದವರು ನನಗೆ ಭಕ್ತಿ ಹೆಚ್ಚಾಗಿದೆ ಅಂದುಕೊಂಡಿರಬಹುದು.

ಬೇಸಿಗೆ ರಜೆ ಅಂದರೆ ರಜೆಯಲ್ಲ. ಮನೆ ಮನೆಗೆ ಹೋಗಿ, ನಿಮ್ಮ ಮಗುವನ್ನು ನಮ್ಮ ಶಾಲೆಗೆ ಹಾಕಿ ಎಂದು ಕೈಮುಗಿಯಬೇಕು. ಜನ ಮರ್ಯಾದೆಯಿಂದಲೇ ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ಆಮೇಲೆ ಕೇಳುತ್ತಾರೆ, "ಕನ್ನಡಾ ಓದಿ ಏನ್ ಮಾಡೂದದರಿ ಮ್ಯಾಡಮ್?" ಅದನ್ನು ಕೇಳುವುದೂ ಕನ್ನಡದಲ್ಲೇ. ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈಗೀಗ ಚಹಾ ಕುಡಿದು ಎದ್ದು ಬರುತ್ತೇನೆ. ಏಳುವಾಗ ಮೊಣಕಾಲು ಹಿಡಿದುಕೊಳ್ಳಬೇಕು. ಎರಡೂ ಮೊಣಕಾಲು ಸವೆದಿವೆ. ಎಸ್.ಟಿ. ಬಸ್ಸಿನ ಮೊದಲ ಮೆಟ್ಟಿಲನ್ನು ಅಷ್ಟು ಎತ್ತರಕ್ಕೆ ಇಟ್ಟ ಪುಣ್ಯಾತ್ಮ ಸಿಕ್ಕರೆ ಅವನಿಗೆ ನಾಲ್ಕು ಮಾತು ಹೇಳುವುದಿದೆ.

ಸರ್ಕಾರದ ಕಾಗದದ ಪ್ರಕಾರ ನನಗಿನ್ನೂ ಎರಡು ವರ್ಷ ನೌಕರಿ ಇದೆ. ನನ್ನವ್ವನ ನೆನಪಿನ ಪ್ರಕಾರ ನಾನು ಈಗಾಗಲೇ ನಿವೃತ್ತಳಾಗಿ ಮನೆಯಲ್ಲಿ ಕಾಲು ಚಾಚಿ ಕೂರಬೇಕಿತ್ತು. ಕಾಗದಕ್ಕೂ ಅವ್ವನ ನೆನಪಿಗೂ ಎರಡು ವರ್ಷದ ಅಂತರ ತಂದಿಟ್ಟವರು ಮಾಸ್ತರರು.

ನಮ್ಮದು ಕುರಿ ಸಾಕುವ ಮನೆ. ಕಂದಲಗಾಂವದ ಆಚೆಗೆ ಒಂದು ಸಣ್ಣ ಹಳ್ಳಿ, ಹಳ್ಳಿಯ ಹೊರಗೆ ಬಿರೋಬಾನ ಗುಡಿ, ಗುಡಿಯ ಹಿಂದೆ ನಮ್ಮ ಮತ್ತು ನಮ್ಮ ದಾಯಾದಿಗಳ ನಾಲ್ಕು ಮನೆ. ಹೆಣ್ಣುಮಕ್ಕಳು ನಡೆಯಲು ಕಲಿತರೆ ಮರಿಗಳ ಹಿಂದೆ ಹೋಗುವುದು, ಮೈ ನೆರೆದರೆ ಗಂಡನ ಮನೆಗೆ ಹೋಗುವುದು. ನಡುವೆ ಬೇರೆ ಕೆಲಸವಿರಲಿಲ್ಲ. ನಾನೂ ಹಾಗೆಯೇ ಮರಿ ಕಾಯುತ್ತಿದ್ದೆ. ಒಂದು ದಿನ ಮಾಸ್ತರರು ಸೈಕಲ್ ತಳ್ಳಿಕೊಂಡು ನಮ್ಮ ಕಡೆ ಬಂದರು. ಆಗ ಅವರು ಹೊಸದಾಗಿ ಊರಿಗೆ ಬಂದಿದ್ದ ಮೂವತ್ತರ ಆಸುಪಾಸಿನ ಮನುಷ್ಯ. ತೆಳ್ಳಗೆ, ಎತ್ತರಕ್ಕೆ, ಮೂಗಿನ ತುದಿಯಲ್ಲಿ ಸದಾ ಒಂದು ಚಿಟಿಕೆ ನಸ್ಯ. ಅಪ್ಪನ ಹತ್ತಿರ ಅರ್ಧ ದಿನ ಕೂತು ಅದೇನು ಮಾತಾಡಿದರೋ, ಮರುದಿನ ಅಪ್ಪ ನನ್ನ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದ.

ಆ ಕಾಲದಲ್ಲಿ ನಮ್ಮಂಥವರ ಮಕ್ಕಳಿಗೆ ಹುಟ್ಟಿದ ತಾರೀಖು ಇರುತ್ತಿರಲಿಲ್ಲ. ಶಾಲೆಗೆ ಸೇರುವಾಗ ಮಾಸ್ತರರೇ ಒಂದು ತಾರೀಖು ಕೊಡುತ್ತಿದ್ದರು, ಜೂನ್ ಒಂದು. ಶಾಲೆ ಶುರುವಾಗುವ ತಿಂಗಳಿಗೆ ಸರಿಹೋಗಲಿ ಅಂತ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ನನ್ನ ವಯಸ್ಸಿನವರನ್ನು ಕೇಳಿ ನೋಡಿ, ಮುಕ್ಕಾಲು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಇನ್ನು ವರ್ಷ. ಮಗು ಆರು ತುಂಬಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಬೆರಳು ಕಿವಿಗೆ ಎಟುಕಿದರೆ ಆರು ಆಯಿತು ಅಂತ ಲೆಕ್ಕ.

ನನಗೆ ಆಗ ಎಂಟು. ಬಿರೋಬಾನ ಗುಡಿಯ ಮುಂದಿನ ಬೇವಿನ ಮರ ಬಿರುಗಾಳಿಗೆ ಬಿದ್ದ ವರ್ಷ ನಾನು ಹುಟ್ಟಿದ್ದು, ಅದು ಅಪ್ಪನಿಗೂ ಗೊತ್ತು, ಊರಿಗೂ ಗೊತ್ತು. ನನ್ನ ಕೈ ಕಿವಿಯನ್ನು ಮುಟ್ಟುವುದಿರಲಿ, ಕಿವಿ ದಾಟಿ ಕೆನ್ನೆಗೇ ಬರುತ್ತಿತ್ತು. ಮಾಸ್ತರರು ನನ್ನನ್ನು ಗೋಡೆಗೆ ನಿಲ್ಲಿಸಿದರು. ಆಗಿನ ಹೆಡ್ ಮಾಸ್ತರರು ಮೇಜಿನ ಹಿಂದೆ ದೊಡ್ಡ ರಿಜಿಸ್ಟರ್ ತೆರೆದು ಕೂತಿದ್ದರು. ನಾನು ಉತ್ಸಾಹದಿಂದ ಕೈ ಎತ್ತಿದೆ. ಮಾಸ್ತರರು ನನ್ನ ಮೊಣಕೈ ಹಿಡಿದು ಸರಿಪಡಿಸುವವರಂತೆ ಮೆಲ್ಲಗೆ ಹಿಂದಕ್ಕೆ ಎಳೆದರು. ಬೆರಳು ಕಿವಿಯ ಅಂಚಿಗೆ ಅಷ್ಟೇ ತಾಕಿ ನಿಂತಿತು. ನಾನು ಇನ್ನೂ ಚಾಚಿದೆ, ಅವರು ಇನ್ನೂ ಎಳೆದರು.

"ಈಗಷ್ಟ ಆರಕ್ಕ ಬಿದ್ದಾಳ್ರೀ," ಎಂದರು.

"ನೋಡಾಕ ದೊಡ್ಡಾಕಿ ಕಾಣ್ತಾಳ," ಎಂದರು ಹೆಡ್ ಮಾಸ್ತರರು.

"ಕುರಿ ಹಾಲು ಕುಡದು ಬೆಳದದ್ದು ಮೈ, ಸರ್," ಎಂದು ಮಾಸ್ತರರು ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ತಾವೇ ತಾರೀಖು ಬರೆದರು.

ನಾನು ಪರೀಕ್ಷೆಯಲ್ಲಿ ನಪಾಸಾದೆ ಎಂದು ತಿಳಿದು ಅಲ್ಲೇ ಅಳಲು ಶುರುಮಾಡಿದೆ. ಮಾಸ್ತರರು ಹಾಗೆ ಯಾಕೆ ಮಾಡಿದರು ಎಂದು ಗೊತ್ತಾಗಲು ನನಗೆ ಏಳು ವರ್ಷ ಬೇಕಾಯಿತು.

ಅವರು ಹೇಗೆ ಕಲಿಸುತ್ತಿದ್ದರು ಎಂದು ಸಭೆಯಲ್ಲಿ ಎಲ್ಲರೂ ಹೊಗಳಿದರು. ನಿಜ ಹೇಳಬೇಕೆಂದರೆ ಅವರು ಅಂಥ ಅದ್ಭುತವಾಗಿ ಏನೂ ಕಲಿಸುತ್ತಿರಲಿಲ್ಲ. ಹಾಡು ಹೇಳಿಕೊಡುವಾಗ ಅವರ ದನಿ ಒಡೆಯುತ್ತಿತ್ತು, ನಾವೆಲ್ಲ ಒಡೆದ ದನಿಯಲ್ಲೇ ಕಲಿತೆವು. ಊಟವಾದ ಮೇಲೆ ಕುರ್ಚಿಯಲ್ಲೇ ಇಪ್ಪತ್ತು ನಿಮಿಷ ನಿದ್ದೆ. ಆದರೆ ಹೊಡೆಯುತ್ತಿರಲಿಲ್ಲ, ಮತ್ತು ಒಂದು ದಿನವೂ ಬರದೆ ಇರುತ್ತಿರಲಿಲ್ಲ. ಎಲ್ಲದರಲ್ಲೂ ಜಿಪುಣತನ. ಚಾಕ್‌ಪೀಸು ಬೆರಳಲ್ಲಿ ಹಿಡಿಯಲಾರದಷ್ಟು ಚಿಕ್ಕದಾದರೆ ನಾವಾದರೆ ಎಸೆಯುತ್ತೇವೆ. ಅವರು ಒಂದು ಗೇಣು ಜೋಳದ ದಂಟು ಕತ್ತರಿಸಿ, ತುದಿಯಲ್ಲಿ ತೂತು ಮಾಡಿ, ಆ ಚೂರನ್ನು ಅದಕ್ಕೆ ಸಿಗಿಸಿ, ಅದು ಪುಡಿಯಾಗುವವರೆಗೂ ಬರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿ ಯಾವಾಗಲೂ ಒಂದು ದಂಟು ಇರುತ್ತಿತ್ತು. ಎಮ್ಮೆಗಳು ಅವರ ಹಿಂದೆ ಬರುತ್ತವೆ ಎಂದು ನಾವು ನಗುತ್ತಿದ್ದೆವು.

ಏಳನೆಯ ತರಗತಿ ಮುಗಿಯುವ ಹೊತ್ತಿಗೆ ನನಗೆ ಹದಿನೈದು. ಸೋದರಮಾವ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕಾಯಂ ನೌಕರಿಯಲ್ಲಿದ್ದ. ಅವನ ಮಗನಿಗೆ ನನ್ನನ್ನು ತರುವುದು ನಾನು ಹುಟ್ಟಿದ ದಿನವೇ ಆದ ಮಾತು. ಒಂದು ಭಾನುವಾರ ಮಾವ, ಅತ್ತೆ ಬಂದರು. ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ಇನ್ನೇನು ತಾಂಬೂಲ ಬದಲಾಗಬೇಕು, ಮಾಸ್ತರರು ಬಂದರು. ಸೈಕಲ್ಲಿನ ಹಿಂದೆ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ದೊಡ್ಡ ಗಂಟು. ಬಿಚ್ಚಿದರೆ ಶಾಲೆಯ ಜನರಲ್ ರಿಜಿಸ್ಟರು. ಆ ಪುಸ್ತಕ ಶಾಲೆಯ ಹೊಸ್ತಿಲು ದಾಟಬಾರದು ಎಂಬ ನಿಯಮವಿದೆ. ಈಗ ನಾನೇ ಮುಖ್ಯಾಧ್ಯಾಪಕಿ, ಆ ನಿಯಮ ನನಗೆ ಚೆನ್ನಾಗಿ ಗೊತ್ತು. ಅವರಿಗೂ ಗೊತ್ತಿತ್ತು.

ಕಂಬಳಿಯ ಮೇಲೆ ಪುಸ್ತಕ ಬಿಚ್ಚಿ, ಬೆರಳಿಟ್ಟು ಓದಿದರು. "ಈ ಹುಡುಗಿಗೆ ಹದಿಮೂರು."

ಅಪ್ಪ ನಕ್ಕುಬಿಟ್ಟ. "ಮಾಸ್ತರ್ರ, ನನ್ನ ಮಗಳ ವಯಸ್ಸ ನನಗ ಗೊತ್ತಿಲ್ಲೇನ್ರಿ? ಬಿರೋಬಾನ ಆಣಿ ಮಾಡಿ ಹೇಳ್ತೀನಿ, ಗುಡಿ ಮುಂದಿನ ಗಿಡ ಬಿದ್ದ ವರ್ಷ ಹುಟ್ಟ್ಯಾಳ. ಹದಿನೈದು ತುಂಬ್ಯಾವ."

"ನಿಮಗ ಗೊತ್ತದ, ನನಗೂ ಗೊತ್ತದ. ಪುಸ್ತಕಕ್ಕ ಗೊತ್ತಿಲ್ಲ."

"ಪುಸ್ತಕ ಬರದವ್ರು ನೀವೇ ಅಲ್ಲೇನ್ರಿ?"

"ಬರದಾಂವ ನಾನು, ಮ್ಯಾಲ ಒತ್ತಿದ ಶಿಕ್ಕಾ ಸರ್ಕಾರದ್ದು. ನಾಳೆ ಯಾರರ ಹೋಗಿ ಹೇಳಿದ್ರ ಪೊಲೀಸರು ಈ ಪುಸ್ತಕ ನೋಡ್ತಾರ. ಬಿರೋಬಾ ಠಾಣೇಕ್ಕ ಬಂದು ಸಾಕ್ಷಿ ಹೇಳ್ತಾನೇನು?" ಹೀಗೆಂದವರು ಮಾವನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು, "ನಿಮ್ಮದು ಗಿರಣ್ಯಾಗ ಕಾಯಂ ನೌಕರಿ ಅಲ್ಲರೀ?"

ಮಾವ ತಟ್ಟೆಯ ಮೇಲಿನ ಕೈ ಹಿಂದಕ್ಕೆ ತೆಗೆದ. ಹದಿನೈದರ ಹುಡುಗಿಯನ್ನು ಹದಿನೆಂಟು ಎಂದು ಹೇಳಿ ಮದುವೆ ಮಾಡುವವರು ಆಗ ಬೇಕಾದಷ್ಟು ಜನರಿದ್ದರು. ಹದಿಮೂರು ಎಂದು ಸರ್ಕಾರಿ ಪುಸ್ತಕದಲ್ಲಿ ಬರೆದಿರುವವಳನ್ನು ಹದಿನೆಂಟು ಎನ್ನಲು ಧೈರ್ಯ ಬೇಕು. ಮಾವನಿಗೆ ಅಷ್ಟು ಧೈರ್ಯವಿರಲಿಲ್ಲ, ಪುಣ್ಯಕ್ಕೆ. ಅವತ್ತು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ನನ್ನ ಮೊಣಕೈ ಹಿಡಿದೆಳೆದ ಆ ಬೆರಳುಗಳು ನೆನಪಾದವು. ಮರಿಗಳ ಹಿಂದೆ ಓಡಾಡುತ್ತಿದ್ದ ಎಂಟು ವರ್ಷದ ಹುಡುಗಿಯನ್ನು ನೋಡಿದಾಗಲೇ ಅವರು ಈ ಭಾನುವಾರವನ್ನು ನೋಡಿದ್ದರು.

ಮುಂದೆ ಹೈಸ್ಕೂಲು, ಸೊಲ್ಲಾಪುರದ ಹಾಸ್ಟೆಲ್ಲು, ಡಿ.ಎಡ್., ನೌಕರಿ, ಆಮೇಲೆ ನಾನು ಒಪ್ಪಿದ ಮದುವೆ. ಯಜಮಾನರದು ವಿಜಾಪುರ ರಸ್ತೆಯಲ್ಲಿ ಸ್ಟೇಷನರಿ ಅಂಗಡಿ. ಎಲ್ಲವೂ ಆ ಎರಡು ವರ್ಷದ ಸಂದಿಯಲ್ಲಿ ನುಸುಳಿ ಬಂದದ್ದು. ಇದನ್ನು ನಾನು ಮರೆತವಳಲ್ಲ. ಆದರೆ ಮೊಣಕಾಲು ನೋಯುವಾಗ ಮನುಷ್ಯರು ಏನನ್ನೆಲ್ಲ ಮರೆಯುತ್ತಾರೆ ಎಂದು ನಾನು ಈ ವರ್ಷ ಕಲಿತೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ನಾನು ಅಕ್ಕಲಕೋಟಕ್ಕೆ ಹೋದೆ. ಸ್ವಯಂ ನಿವೃತ್ತಿಯ ಅರ್ಜಿ ಬ್ಯಾಗಿನಲ್ಲಿತ್ತು. ಅದನ್ನು ಯಜಮಾನರು ಚೆಂದದ ಮರಾಠಿಯಲ್ಲಿ ಬರೆದುಕೊಟ್ಟಿದ್ದರು. ಕೊಡುವ ಮುಂಚೆ ಮಾಸ್ತರರ ಕಾಲಿಗೆ ಬಿದ್ದು ಬರೋಣ ಎಂಬುದು ನನ್ನ ಆಸೆ. ನಿವೃತ್ತರಾದ ಮೇಲೆ ಅವರು ಅಲ್ಲೇ ಇದ್ದರು. ಸ್ವಾಮಿಗಳ ಗುಡಿಗೆ ಹೋಗುವ ಓಣಿಯಲ್ಲಿ ಮಗ ಸೊಸೆಯದು ಪೂಜಾ ಸಾಮಾನಿನ ಅಂಗಡಿ. ಎಂಬತ್ತು ದಾಟಿದ್ದರೂ ಮಾಸ್ತರರು ದಿನವೂ ಅಂಗಡಿಯ ಒಳಗಿನ ಕಟ್ಟೆಯ ಮೇಲೆ ಕೂತು, ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಅಂಗಾರದ, ಅಂದರೆ ಗುಡಿಯ ವಿಭೂತಿಯ, ಪುಡಿಕೆ ಕಟ್ಟುತ್ತಿದ್ದರು. ಪುಡಿಕೆ ಕಟ್ಟುವ ಮುಂಚೆ ಹಾಳೆಯಲ್ಲಿ ಯಾವುದಾದರೂ ಮಗು ತಪ್ಪು ಬರೆದಿದ್ದರೆ ಅದನ್ನು ತಿದ್ದಿ ಆಮೇಲೆ ಮಡಚುತ್ತಿದ್ದರು. ಮರಾಠಿ ಹಾಳೆಯನ್ನೂ ಬಿಡುತ್ತಿರಲಿಲ್ಲ.

"ಬಾ ತಂಗಿ, ಕೂಡು. ಯಾಕ ಕುಂಟಾಕತ್ತೀ?"

"ಮೊಣಕಾಲು ಸವದಾವಂತ್ರಿ ಮಾಸ್ತರ್ರ."

"ಪಟ ಎಷ್ಟದ ಈಗ?"

ಪಟ ಅಂದರೆ ಶಾಲೆಯಲ್ಲಿ ದಾಖಲಾದ ಮಕ್ಕಳ ಸಂಖ್ಯೆ. ನಮ್ಮ ಕಡೆಯ ಮಾಸ್ತರರು ಒಬ್ಬರಿಗೊಬ್ಬರು ಸಿಕ್ಕರೆ ಮಕ್ಕಳು ಮರಿಯ ಆರೋಗ್ಯಕ್ಕಿಂತ ಮೊದಲು ಕೇಳುವುದು ಅದನ್ನು.

"ಹದಿನಾರು."

"ಹೋದ ಸಲ ಬಂದಾಗ ಹತ್ತೊಂಬತ್ತು ಅಂದಿದ್ದಿ."

"ಮೂರು ಹುಡುಗ್ರು ಇಂಗ್ಲಿಷ್ ಸಾಲಿಗೆ ಹೋದುವ್ರಿ. ಈಗ ಮನಿ ಬಾಗಿಲಿಗೇ ಹಳದಿ ಬಸ್ ಬರ್ತದ."

"ಹದಿನಾರು," ಎಂದು ತಮಗೆ ತಾವೇ ಹೇಳಿಕೊಂಡು ಅವರು ಇನ್ನೊಂದು ಹಾಳೆ ಹರಿದರು. ಅದೇ ನನ್ನನ್ನು ಕೆರಳಿಸಿತು. ಹದಿನಾರಕ್ಕೆ ನಾನೇ ಹೊಣೆ ಎಂಬಂತೆ ಕೇಳಿಸಿತು. ಅರ್ಜಿ ತೆಗೆದು ಓದಿದೆ. ಅವರು ಕಿವಿಗೆ ಕೈ ಹಿಡಿದು ಪೂರ್ತಿ ಕೇಳಿದರು.

"ನೀ ಹೋದ್ರ ಆ ಜಾಗಾಕ್ಕ ಯಾರು ಬರ್ತಾರ?"

"ಯಾರೂ ಬರೂದಿಲ್ರಿ. ನಿಮಗ ಗೊತ್ತಿಲ್ಲೇನು? ಹದಿನಾರು ಮಕ್ಕಳ ಸಾಲಿಗೆ ಯಾರ್ನ ಕಳಸ್ತಾರ? ಸಾಲಿ ಮುಚ್ಚಿ ಮಕ್ಕಳನ್ನ ಬಾಜೂ ಊರಿನ ಮರಾಠಿ ಸಾಲ್ಯಾಗ ಕೂಡಸ್ತಾರ."

"ಎರಡು ವರ್ಷ ಅಷ್ಟ ಉಳದಾವಲ್ಲ ತಂಗಿ."

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಹತ್ತು ವರ್ಷಗಳಿಂದ ಬಸ್ಸಿನ ಮೆಟ್ಟಿಲ ಮೇಲೆ, ಖಿಚಡಿಯ ಹೊಗೆಯಲ್ಲಿ, ಆ ಬೇವಿನ ಮರದ ಕೆಳಗೆ ಕೂಡಿಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ಆ ಎರಡು ವರ್ಷ ನನ್ನವಲ್ರಿ, ನೀವು ಬರದದ್ದು. ಖರೇ ಅಂದ್ರ ನನ್ನ ನೌಕರಿ ಮುಗದದ. ಕಡಿಮಿ ಬರೀರಿ ಅಂತ ನಾ ಕೇಳಿದ್ನೇನು? ನೀವು ಮಾಡಿದ ತಪ್ಪಿಗೆ ನಾ ಯಾಕ ಕಾಲ ಎಳಕೋತ ಅಡ್ಡಾಡಬೇಕು?"

ಮಾಸ್ತರರು ಕೈಯಲ್ಲಿದ್ದ ಪುಡಿಕೆಯನ್ನು ನಿಧಾನವಾಗಿ ಮಡಚಿ ಮುಗಿಸಿದರು. ಆಮೇಲೆ, "ಹೌದಲ್ಲ," ಎಂದರು, ಈಗ ಹೊಸದಾಗಿ ತಿಳಿದವರಂತೆ. "ಆ ಎರಡು ವರ್ಷ ನಾ ಬರದದ್ದು." ಪುಡಿಕೆಯನ್ನು ಬುಟ್ಟಿಗೆ ಹಾಕಿ ಇನ್ನೊಂದು ಮಾತು. "ತಪ್ಪಾತು ತಂಗಿ. ಚಹಾ ಕುಡದು ಹೋಗು."

ಚಹಾ ಕುಡಿದೆ, ಕಾಲಿಗೆ ಬೀಳದೆ ಬಂದೆ. ಬಗ್ಗಿದರೆ ಏಳಲಾಗುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬಸ್ಸಿನಲ್ಲಿ ಕುಂಭಾರಿ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಆ ಜಾಗದಲ್ಲಿ ಸಂಕಟ ಕೂತಿತ್ತು. ನನ್ನ ಬದುಕಿಗೆ ಅಡಿಪಾಯವಾದ ಒಂದು ಕೆಲಸಕ್ಕೆ ಆ ಮನುಷ್ಯ ನನ್ನ ಎದುರೇ ತಪ್ಪೊಪ್ಪಿಕೊಂಡರು, ಅದೂ ನಾನು ಹೇಳಿಸಿದೆ ಅಂತ.

ಮುಂದಿನ ಭಾನುವಾರ ಹೋಗಿ ಸರಿಮಾಡಬೇಕು ಅಂದುಕೊಂಡೆ. ಆ ಭಾನುವಾರ ತರಬೇತಿ. ಅದರ ಮುಂದಿನದು ಬೀಗರ ಮನೆಯ ಕಾರ್ಯ. ಆಮೇಲೆ ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಂಡು ಎರಡು ವಾರ ಮಲಗಿದೆ. ಅರ್ಜಿಯನ್ನೂ ಕೊಡಲಿಲ್ಲ. ಅವರ ಹತ್ತಿರ ಬೇರೆ ಮಾತು ಆಡದೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ಅರ್ಜಿ ಬ್ಯಾಗಿನ ಒಳಜೇಬಿನಲ್ಲಿ ನನ್ನ ಜೊತೆ ಶಾಲೆಗೆ ಹೋಗಿ ಬರುತ್ತಿತ್ತು. ಯುಗಾದಿ ಕಳೆದು ವಾರವಾಗಿರಲಿಲ್ಲ, ಬೆಳಗಿನ ಶಾಲೆ ಮುಗಿಸಿ ಬಸ್ಸಿಗೆ ನಿಂತಿದ್ದಾಗ ಫೋನು ಬಂತು. ಮಾಸ್ತರರು ಮುಂಜಾನೆ ಪುಡಿಕೆ ಕಟ್ಟುತ್ತಾ ಕೂತಲ್ಲೇ ಹೋಗಿದ್ದರು.

ಹದಿಮೂರನೆಯ ದಿನದ ಸಭೆ ಅಕ್ಕಲಕೋಟದ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ನನ್ನ ಮೂರು ನಿಮಿಷದ ಭಾಷಣ ಮುಗಿಸಿ ಹೆಂಗಸರ ಸಾಲಿನಲ್ಲಿ ಬಂದು ಕೂತೆ. ಪಕ್ಕದಲ್ಲಿದ್ದವಳು ನನಗಿಂತ ಒಂದು ತರಗತಿ ಹಿಂದೆ ಓದಿದವಳು, ಈಗ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಬಹಳ ವರ್ಷದ ಮೇಲೆ ಸಿಕ್ಕಿದ್ದಳು.

"ಇನ್ನ ಎಷ್ಟ ವರ್ಷ ನೌಕರಿ ಅದ ನಿಂದು?" ಎಂದು ಪಿಸುಗುಟ್ಟಿದಳು.

"ಎರಡು. ಖರೇ ಅಂದ್ರ..." ಎಂದವಳು ಅಲ್ಲಿಗೇ ನಿಲ್ಲಿಸಿದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು, ಬಲಗೈಯನ್ನು ತಲೆಯ ಮೇಲೆ ಅರ್ಧ ಎತ್ತಿ, ಎಡಗೈಯಿಂದ ತನ್ನ ಮೊಣಕೈಯನ್ನು ಹಿಂದಕ್ಕೆ ಎಳೆದು ತೋರಿಸಿದಳು. "ನಿಂದೂ ಎಳದಿದ್ರೇನು?"

ನಾನು ಹೌದೆಂದು ತಲೆಯಾಡಿಸಿದೆ. ಐವತ್ತು ವರ್ಷ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾಸ್ತರರ ಪಿಂಚಣಿಗೆ, ನನ್ನ ನೌಕರಿಗೆ ಕುತ್ತು. ಅವಳೂ ಹಾಗೇ ಇಟ್ಟುಕೊಂಡಿದ್ದಳು. ಮುಂದಿನ ಕುರ್ಚಿಯಲ್ಲಿದ್ದ ಒಬ್ಬಳು ತಿರುಗಿದಳು. ಅವಳೂ ನಮ್ಮೂರವಳೇ, ಸೊಲ್ಲಾಪುರದ ಒಂದು ಕಾಳುಕಡಿ ವ್ಯಾಪಾರಿಗಳ ಮನೆಯ ಹಿರಿ ಸೊಸೆ.

"ನಂದೂ," ಎಂದಳು. "ನನಗೇನ್ ನೌಕರಿ ಸಿಗಲಿಲ್ಲವಾ. ಖರೇ ಹದಿನೆಂಟು ತುಂಬಿದ ಮ್ಯಾಲ ಲಗ್ನಾತು, ಅಷ್ಟ. ನಮ್ಮಕ್ಕಂದು ಹನ್ನೆರಡಕ್ಕ ಆಗಿತ್ತು. ಆಕಿ ಮೊದಲನೇ ಹೆರಿಗ್ಯಾಗ ಹೋದ್ಲು."

ವೇದಿಕೆಯ ಮೇಲೆ ಯಾರೋ ಮಾಸ್ತರರ ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದರು. ಒಂದು ಅಕ್ಷರವನ್ನೂ ಸುಳ್ಳು ಬರೆಯದ ಮನುಷ್ಯ ಎಂದರು. ನಾವು ಮೂವರು ತಲೆ ತಗ್ಗಿಸಿ, ಸೆರಗು ಕಚ್ಚಿ, ಭುಜ ಕುಲುಕಿಸುತ್ತಾ ನಕ್ಕೆವು. ಹಿಂದಿನ ಸಾಲಿನವರು ನಾವು ಅಳುತ್ತಿದ್ದೇವೆ ಎಂದು ತಿಳಿದು ನೀರಿನ ಬಾಟಲಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದೂ ನಿಜವಾಯಿತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಆ ಸುಳ್ಳು ನನಗೊಬ್ಬಳಿಗಾಗಿಯೇ ಹೇಳಿದ್ದು ಎಂದುಕೊಂಡಿದ್ದೆ. ಅವರು ಆ ಶಾಲೆಯಲ್ಲಿದ್ದಷ್ಟು ವರ್ಷ ಬಂದ ಹುಡುಗಿಯರ ಮೊಣಕೈಯನ್ನೆಲ್ಲ ಎಳೆದಿದ್ದರು. ಹುಡುಗರದನ್ನು ಎಳೆದ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ.

ಸಭೆ ಮುಗಿದು ಊಟದ ಸಾಲು ಶುರುವಾದಾಗ ಮಾಸ್ತರರ ಸೊಸೆ ನನ್ನನ್ನು ಹುಡುಕಿಕೊಂಡು ಬಂದಳು. ಹತ್ತಿರದಲ್ಲೇ ಇದ್ದ ತಮ್ಮ ಮನೆಗೆ ಕರೆದೊಯ್ದು ಒಳಗಿನ ಕೋಣೆಯಲ್ಲಿ ಕೂರಿಸಿದಳು. ಅವಳ ಮುಖದಲ್ಲಿ ಹದಿಮೂರು ದಿನದ ದಣಿವು ಇತ್ತು.

"ನಿಮ್ಮನ್ನ ಒಂದು ಕೇಳಬೇಕಿತ್ತ್ರಿ ಅಕ್ಕಾರ. ನೀವು ಬಂದು ಹೋದ ಮ್ಯಾಲ ಮಾವನವ್ರು ನಾಕ ದಿನ ಸುಮ್ಮನೇ ಇದ್ರು. ಐದನೇ ದಿನ ಮುಂಜಾನೆ ಎದ್ದವ್ರು ಜಳಕಾ ಮಾಡಿ, ಇಸ್ತ್ರ‍ಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡ್ರು. ಹಾಲಿನವನ ಕಡಿಂದ ಒಂದು ಜ್ವಾಳದ ದಂಟು ಇಸಗೊಂಡ್ರು. ನನ್ನ ಮಗಳ ಚಾಕ್ ಮುರಕೊಂಡು ಅದಕ್ಕ ಸಿಗಿಸಿದ್ರು. ಎಲ್ಲಿಗ್ರೀ ಅಂದ್ರ, ಸಾಲಿಗೆ ಅಂದ್ರು. ನಾ ಚ್ಯಾಷ್ಟಿ ಅಂದುಕೊಂಡು ದೇವರ ಮನಿಗೆ ಹೋದೆ. ಬಂದು ನೋಡಿದ್ರ ಇಲ್ಲ!"

ಅವರು ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಸೊಲ್ಲಾಪುರದ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಕಂಡಕ್ಟರ್ ಗುರುತಿನವನು. ಎಲ್ಲಿಗೆ ಅಜ್ಜಾ ಎಂದು ಕೇಳಿದ್ದಾನೆ. ನನ್ನ ಶಾಲೆ ಇರುವ ಊರಿನ ಹೆಸರು ಹೇಳಿದ್ದಾರೆ. ಅಲ್ಲೇನು ಕೆಲಸ ಎಂದರೆ, ಅಲ್ಲಿ ನನ್ನ ಕೈಯಲ್ಲಿ ಕಲಿತವಳೊಬ್ಬಳ ನೌಕರಿ ಎರಡು ವರ್ಷ ಬಾಕಿ ಇದೆ, ಅದು ನನ್ನ ಪಾಲಿನದು, ಮಾಡಿ ಬರುತ್ತೇನೆ ಎಂದಿದ್ದಾರೆ. ಕಂಡಕ್ಟರ್ ಬಸ್ಸು ನಿಲ್ಲಿಸಿಕೊಂಡು ಅಂಗಡಿಗೆ ಹೇಳಿ ಕಳಿಸಿದ. ಮಗ ಓಡಿಹೋಗಿ ಇಳಿಸಿಕೊಂಡು ಬಂದ.

"ಅರಳು ಮರಳು ಆಗಿತ್ತೇನು ಅಂತ ಅನ್ನಾಂಗಿಲ್ರಿ. ಕೊನೀ ತನಕ ತಲಿ ನೆಟ್ಟಗಿತ್ತು. ಮನಿಗೆ ಬಂದ ಮ್ಯಾಲ ಒಂದೇ ಮಾತು ಕೇಳಿದ್ರು. ಹಂಗಾದ್ರ ಆಕಿ ಆ ಎರಡು ವರ್ಷದ ನೌಕರಿ ಯಾರು ಮಾಡವ್ರು, ಅಂತ. ನಮಗೊಂದೂ ತಿಳೀಲಿಲ್ರಿ. ನಿಮಗೇನರ ತಿಳೀತೇನು?"

"ತಿಳೀತವ್ವಾ," ಎಂದೆ.

ಅವಳು ಕಪಾಟಿನಿಂದ ಅವರ ಬಿಳಿ ಅಂಗಿ ತೆಗೆದಳು. ಜೇಬಿನಲ್ಲಿ ದಂಟು ಹಾಗೆಯೇ ಇತ್ತು, ತುದಿಯಲ್ಲಿ ಚಾಕ್‌ಪೀಸಿನ ಚೂರು. ಒಗೆಯಲು ಹಾಕುವ ಮುಂಚೆ ಎಸೆಯೋಣವೆಂದುಕೊಂಡವಳು ಯಾಕೋ ಎಸೆದಿರಲಿಲ್ಲವಂತೆ. ಕೇಳಿ ಇಸಿದುಕೊಂಡೆ.

ಸೋಮವಾರ ಬೆಳಗಿನ ಬಸ್ಸಿಗೆ ಹೊರಟೆ. ಮೊದಲ ಮೆಟ್ಟಿಲು ಒಂದು ಇಂಚೂ ಕೆಳಗಿಳಿದಿರಲಿಲ್ಲ. ಕಂಬಿ ಹಿಡಿದು, ಹಿಂದಿನವರಿಂದ ನೂಕಿಸಿಕೊಂಡು ಹತ್ತಿದೆ. ಬಸ್ಸಿಳಿದು ಇಪ್ಪತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಇನ್ನೊಬ್ಬ ಶಿಕ್ಷಕರು ಯಾವುದೋ ಯಾದಿಯ ಕೆಲಸಕ್ಕೆ ಹೋಗಿದ್ದರು. ಹದಿನಾರರಲ್ಲಿ ಹದಿಮೂರು ಮಕ್ಕಳು ಬಂದಿದ್ದವು. ಬೇವಿನ ಮರ ಸುತ್ತಿ ಹಾಜರಿ ಕಳಿಸಿ ಬಂದು, ಬ್ಯಾಗಿನ ಒಳಜೇಬಿಗೆ ಕೈ ಹಾಕಿದೆ. ಅರ್ಜಿಯೂ ದಂಟೂ ಒಟ್ಟಿಗೆ ಸಿಕ್ಕವು. ಅರ್ಜಿಯನ್ನು ಅಲ್ಲೇ ಬಿಟ್ಟೆ. ಅದನ್ನು ಹರಿದು ಹಾಕುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಕಾಲು ನೋಯುವ ದಿನ ಮತ್ತೆ ತೆಗೆದು ನೋಡುತ್ತೇನೆ, ಬೈಯುತ್ತೇನೆ, ಇಡುತ್ತೇನೆ.

ದಂಟು ಹಿಡಿದು ಹಲಗೆಯ ಮೇಲೆ ವಾರ ಬರೆದೆ. ಅದರಲ್ಲಿ ಬರೆದರೆ ಅಕ್ಷರ ನೆಟ್ಟಗೆ ಬರುವುದಿಲ್ಲ. ಅವರು ಅಷ್ಟು ವರ್ಷ ಹೇಗೆ ಬರೆದರೋ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕುತ್ತಿಗೆ ಚಾಚಿ ಕೇಳಿದಳು.

"ಅದೇನ್ರಿ ಮ್ಯಾಡಮ್, ಕೈಯಾಗ?"

"ನಮ್ಮ ಮಾಸ್ತರ್ರದ್ದು," ಎಂದೆ. "ಅವ್ರದೊಂದು ಎರಡು ವರ್ಷದ ಕೆಲಸ ಉಳದದ. ಮಾಡಾಕತ್ತೀನಿ."